ಹೊಳೆ ಓದೋದಾ, ಸಮುದ್ರ ಓದೋದಾ?

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ, ಝುವಾಲಜಿ-ಕೆಮಿಸ್ಟ್ರಿ. ನೀರಿನ ಇಕಾಲಜಿ ಓದ್ಬೇಕು ಅಂತ ಆಸೆ, ಆದ್ರೆ ಸಮುದ್ರ ನೋಡಿದ್ದೇ ನಾಲ್ಕೈದು ಸಲ, ಮನೇಲಿ ಮೀನೂ ತಿನ್ನಲ್ಲ. ಹೊಳೆ-ಕೆರೆ ಆರಿಸ್ಕೊಳ್ಳಲಾ, ಸಮುದ್ರನಾ?
– ಓದುಗರೊಬ್ಬರು, ಶಿರಸಿ

ಉತ್ತರ: ತಂಗಿ, ಈಗ್ಲೇ ಒಂದನ್ನ ಬಿಡ್ಬೇಡ. ನಿಮ್ಮೂರಿನ ಶಂಕರಹೊಂಡದಲ್ಲಿ ಹುಟ್ಟೋ ಅಘನಾಶಿನಿನೇ ಉಂಚಳ್ಳಿಲಿ 116 ಮೀಟರ್ ಧುಮುಕಿ ಕುಮಟಾ ಹತ್ರ ಸಮುದ್ರ ಸೇರೋದು, ದಾರೀಲಿ ಒಂದೂ ದೊಡ್ಡ ಡ್ಯಾಮ್ ಇಲ್ಲ. ಅದರ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, 2024ರಲ್ಲಿ ರಾಮ್ಸಾರ್ ಪಟ್ಟಿ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರ್ತು. ಮಳೆಗಾಲದಲ್ಲಿ ಅಲ್ಲಿನ ನೀರು ಹೆಚ್ಚುಕಮ್ಮಿ ಸಪ್ಪೆ, ಬೇಸಿಗೆ ಏರಿದ ಹಾಗೆ ಸಮುದ್ರದಷ್ಟೇ ಉಪ್ಪಾಗ್ತಾ ಹೋಗತ್ತೆ, ಅಂದ್ರೆ ಕಿಲೋ ನೀರಿಗೆ ಸುಮಾರು 35 ಗ್ರಾಂ ಹತ್ರ, ಈ ಏರಿಳಿತಕ್ಕೆ ಹೊಂದ್ಕೊಂಡೇ ಬೆಳಚು, ಅಂದ್ರೆ ತಿನ್ನೋ ಚಿಪ್ಪಿ, ಬದುಕಿರೋದು. ಪಕ್ಕದ ಶರಾವತಿ ನೋಡು, ಲಿಂಗನಮಕ್ಕಿಲಿ ನಿಲ್ಲಿಸಿದ ನೀರು ಪವರ್‌ಹೌಸ್ ದಾಟಿ ಬೇಸಿಗೆಲೂ ಕೆಳಗೆ ಬರ್ತಾನೇ ಇರತ್ತೆ, ಉಪ್ಪು ಏರೋಕೆ ಬಿಡಲ್ಲ, ಹಾಗಾಗಿ ಹೊನ್ನಾವರದ ಅಳಿವೆಲಿ ಚಿಪ್ಪಿ ತೀರಾ ಕಮ್ಮಿ. ಕಾರಣ ಘಟ್ಟದ ಮೇಲಿದೆ, ನಷ್ಟ ಕೆಳಗಿನವ್ರಿಗೆ. ನನಗಂತೂ ಇದು ನೆನೆದಾಗೆಲ್ಲ ಹೊಟ್ಟೆ ಉರಿಯತ್ತೆ. ಬರೀ ಸಮುದ್ರ ಓದಿದ್ರೆ ಇದರ ಅರ್ಧ ಕಥೆನೂ ಸಿಗಲ್ಲ.

ಎಂಎಸ್ಸಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮರೈನ್ ಬಯಾಲಜಿ ವಿಭಾಗ ಇದೆ, ಕಾಳಿ ಅಳಿವೆ ಅಲ್ಲೇ ಪಕ್ಕ. ಕೆಮಿಸ್ಟ್ರಿ ಗಟ್ಟಿ ಇಟ್ಕೋ, ಸ್ಟ್ಯಾಟಿಸ್ಟಿಕ್ಸ್ ಕಲಿ.

ಅಲ್ಲೀವರೆಗೆ ಮನೆ ಹತ್ರದ ಒಂದೇ ಹಳ್ಳ ಹಿಡಿ, ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಿ ಹತ್ತು ಕಲ್ಲು ಎತ್ತಿ ನೋಡು, ಅಡಿಲಿ ಏರೋಪ್ಲೇನ್ ಚಿಟ್ಟೆ ಮರಿ, ಮರಳು ಕಣ ಅಂಟಿಸ್ಕೊಂಡು ಗೂಡು ಕಟ್ಟೋ ಹುಳ ಎಲ್ಲ ಸಿಗತ್ತೆ, ಎಣಿಸಿ, ನೀರಿನ ಬಿಸಿ ಬರ್ಕೊಂಡು, ಕಲ್ಲು ಇದ್ದ ಹಾಗೇ ಇಟ್ಟು ಬಾ. ಹಳ್ಳ ಉಕ್ಕಿದಾಗ ಮಾತ್ರ ಇಳೀಬೇಡ. ತೋಟಕ್ಕೆ ಔಷಧಿ ಹೊಡೆದ ದಿನಾನೂ ಬರೆದಿಡು, ಆಮೇಲಿನ ಎಣಿಕೆ ಹೋಲಿಸಿ ನೋಡೋಕೆ ಬೇಕು.

ಮೀನು ತಿನ್ನದಿದ್ರೆ ಏನೂ ಅಡ್ಡಿ ಇಲ್ಲ, ಆದ್ರೆ ಸತ್ತ ಮೀನಿನ ಹೊಟ್ಟೆ ಕೊಯ್ದು ಅದು ಏನು ತಿಂದಿತ್ತು ಅಂತ ನೋಡೋ ಕೆಲಸ ಬರತ್ತೆ, ಅದಕ್ಕೆ ಮನಸು ಒಪ್ಪತ್ತಾ ಅಂತ ಈಗ್ಲೇ ಕೇಳ್ಕೋ. ಒಂದ್ಸಲ ಅಮಾವಾಸ್ಯೆ ಆಸುಪಾಸು, ಇಳಿತ ಜೋರಿರುವಾಗ ಅಘನಾಶಿನಿ ಅಳಿವೆಯ ತದಡಿ ಕಡೆ ಹೋಗು. ಬೆಳಚು ಆರಿಸೋ ಹೆಂಗಸ್ರ ಹತ್ರ ಯಾವ ಮಣ್ಣಲ್ಲಿ ಏನು ಸಿಗತ್ತೆ ಅಂತ ಕೇಳು, ನೋಟ್‌ಬುಕ್ ತಗೊಂಡೇ ಹೋಗು.