ಬಿಳಿ ಬಣ್ಣವೇ ಇಲ್ಲದ ಹಿಮ

ಪ್ರಶ್ನೆ: ಮಗಳು ತೈಪೆಯಿಂದ ಒಂದು ಚೀನೀ ಸುರುಳಿ ಚಿತ್ರ ತಂದಿದ್ದಾಳೆ. ಚಳಿಗಾಲದ ಬೆಟ್ಟ, ಎಲೆ ಉದುರಿದ ಮರಗಳು, ಸೇತುವೆ ಮೇಲೆ ಒಬ್ಬ ಪುಟ್ಟ ಮನುಷ್ಯ. ಬೆಟ್ಟದ ತುಂಬ ಹಿಮ ಅಂತಾಳೆ. ಆದರೆ ಬಿಳಿ ಬಣ್ಣ ಎಲ್ಲೂ ಹಚ್ಚಿಲ್ಲ, ಬರೀ ಖಾಲಿ ಕಾಗದ. ಅರ್ಧಕ್ಕೆ ಬಿಟ್ಟ ಚಿತ್ರವೇ? ಗಾಜಿನ ಫ್ರೇಮ್ ಹಾಕಿಸಬಹುದಾ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಚಿತ್ರ ಪೂರ್ತಿಯಾಗಿದೆ. ಆ ಖಾಲಿ ಜಾಗವೇ ಹಿಮ. ಒಂದು ಕೆಲಸ ಮಾಡಿ. ಬಿಳಿ ಹಾಳೆಯೊಂದನ್ನು ಚಿತ್ರಕ್ಕೆ ತಾಗದಂತೆ ಹಿಡಿದು ಆಕಾಶವನ್ನಷ್ಟೇ ಮುಚ್ಚಿ. ಬೆಟ್ಟದ ಮೇಲಿನ ಹಿಮ ಮಾಯವಾಗಿ ಬರೀ ಕಾಗದ ಉಳಿಯುತ್ತದೆ. ಹಾಳೆ ತೆಗೆಯಿರಿ. ಹಿಮ ಮತ್ತೆ ಬಂತು, ಅಲ್ವಾ? ಆಕಾಶಕ್ಕೆ ನೀರು ಬೆರೆಸಿದ ತೆಳು ಮಸಿ ಬಳಿದಿರುತ್ತಾರೆ. ಅದು ಬೂದು ಬಣ್ಣಕ್ಕಿರುವುದರಿಂದಲೇ ಪಕ್ಕದ ಕಾಗದ ಅಷ್ಟು ಬೆಳ್ಳಗೆ ಕಾಣುತ್ತದೆ. ಕೆಲವರು ಬಿಳಿ ಬಣ್ಣವನ್ನೂ ಚಿಮುಕಿಸುತ್ತಾರೆ. ನನಗೆ ಮಾತ್ರ ಹೀಗೆ ಸುಮ್ನೆ ಬಿಟ್ಟ ಹಿಮವೇ ಇಷ್ಟ.

ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದರು. ಚೀನೀ ಮಸಿ ಹುಟ್ಟುವುದೂ ಹಾಗೇ. ಪೈನ್ ಮರವನ್ನೋ ಎಣ್ಣೆಯನ್ನೋ ಉರಿಸಿ ಹಿಡಿದ ಕಪ್ಪು, ಅದಕ್ಕೆ ಅಂಟು ಕಲಸಿ ಒಣಗಿಸಿದ ಕಡ್ಡಿ. ಗಂಧ ತೇಯ್ದ ಹಾಗೆ ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ನೀರು ಜಾಸ್ತಿಯಾದರೆ ಮಂಜು, ಕಡಿಮೆಯಾದರೆ ಬಂಡೆ.

ಕೊಂಬೆಗಳ ತುದಿಯನ್ನೂ ನೋಡಿ, ಏಡಿಯ ಕೊಂಡಿಯಂತೆ ಬಾಗಿರಬಹುದು. 11ನೇ ಶತಮಾನದ ಚೀನೀ ಚಿತ್ರಕಾರ ಗುವೊ ಶಿ ಹಾಗೆ ಬರೆಯುತ್ತಿದ್ದ. ಚಳಿಗಾಲದ ಬೆಟ್ಟ ನಿದ್ದೆ ಹೋದಂತಿರುತ್ತದೆ ಎಂದವನೂ ಅವನೇ.

ಮನುಷ್ಯನನ್ನು ಪುಟ್ಟದಾಗಿ ಬರೆಯುವುದು ಬೇಕೆಂದೇ. ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿ ಚಿತ್ರಕಾರ ಫಾನ್ ಕುವಾನ್‌ನ ಒಂದು ಬೆಟ್ಟದ ಚಿತ್ರವಿದೆ. ಸುಮಾರು ಸಾವಿರ ವರ್ಷ ಹಳೆಯದು, ಎತ್ತರ 2 ಮೀಟರ್‌ಗೂ ಜಾಸ್ತಿ. ಬುಡದಲ್ಲಿ ಹೇಸರಗತ್ತೆ ಹೊಡೆದುಕೊಂಡು ಹೋಗುವವರು ಹುಡುಕಿದರೆ ಮಾತ್ರ ಕಾಣುತ್ತಾರೆ. ಅವನ ರುಜುವೂ ಎಲೆಗಳ ನಡುವೆ ಅಡಗಿತ್ತು. ಅದು ಕಣ್ಣಿಗೆ ಬಿದ್ದದ್ದು 1958ರಲ್ಲಿ!

ಫ್ರೇಮ್ ಬೇಡ. ನನ್ನ ಹತ್ತಿರ ಇದ್ದ ಒಂದು ಸುರುಳಿಯನ್ನು ಅಂಗಡಿಯವರು ಹಾರ್ಡ್‌ಬೋರ್ಡ್‌ಗೆ ಅಂಟಿಸಿಬಿಟ್ಟರು. ಎರಡೇ ಮಳೆಗಾಲಕ್ಕೆ ಹಿಮದ ಮೇಲೆಲ್ಲ ಕಂದು ಚುಕ್ಕೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸುರುಳಿ ಇರುವುದೇ ಬಿಚ್ಚಿ ನೋಡಿ ಮತ್ತೆ ಸುತ್ತಿಡಲು. ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಮಳೆ ಶುರುವಾಗುವ ಮೊದಲೇ ಒಣ ಹವೆಯ ದಿನ ನೋಡಿ ಸಡಿಲವಾಗಿ ಸುತ್ತಿ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಕಟ್ಟಿ ಬೀರುವಿನಲ್ಲಿಡಿ.