ಚೆಂಡು ಬರುವ ಮೊದಲಿನ ಎರಡು ಸೆಕೆಂಡು

ಬೆಳಗಾವಿಯ ಓದುಗರೊಬ್ಬರ ಪತ್ರದ ಸಾರ ಇದು: "ನನ್ನ ಮಗಳಿಗೆ 13 ವರ್ಷ, ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ, ಆಡುತ್ತಾಳೆ. ಸ್ಪೇನಿನ ಐತಾನಾ ಬೊನ್ಮಾತಿ ಎಂದರೆ ಅವಳಿಗೆ ಪ್ರಾಣ. ಅವರ ಗೋಲುಗಳ ವಿಡಿಯೊಗಳನ್ನು ಮತ್ತೆ ಮತ್ತೆ ನೋಡುತ್ತಾಳೆ. ಆದರೆ ಮೈದಾನದಲ್ಲಿ ಅವಳ ಕಾಲಿಗೆ ಚೆಂಡು ಸಿಕ್ಕಿದ ಕೂಡಲೇ ಎದುರಿನವರು ಕಿತ್ತುಕೊಳ್ಳುತ್ತಾರೆ. ಸ್ಟ್ರೈಕರ್‌ಗಳಷ್ಟು ಗೋಲು ಹೊಡೆಯದ ಬೊನ್ಮಾತಿಗೆ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಮೂರು ಸಲ ಬಂದದ್ದು ಹೇಗೆ? ನಮ್ಮ ಬಡಾವಣೆಯಲ್ಲಿ ಹುಡುಗಿಯರ ತಂಡವಿಲ್ಲ, ಹುಡುಗರ ಜೊತೆಗೇ ಆಡುತ್ತಾಳೆ. ನಿಲ್ಲಿಸಬೇಕೆ?"

ನಿಲ್ಲಿಸಬೇಡಿ. ಐತಾನಾ ಹುಟ್ಟಿದ್ದು 1998ರ ಜನವರಿಯಲ್ಲಿ, ಬಾರ್ಸಿಲೋನಾ ಸಮೀಪದ ಸಾಂತ್ ಪೆರೆ ದೆ ರಿಬೆಸ್ ಎಂಬ ಊರಿನಲ್ಲಿ. ನಿಮ್ಮ ಮಗಳ ವಯಸ್ಸಿನವರೆಗೂ ಅವರು ಆಡಿದ್ದು ಹುಡುಗರ ತಂಡಗಳಲ್ಲೇ. 2012ರಲ್ಲಿ, 14ನೇ ವಯಸ್ಸಿನಲ್ಲಿ, ಬಾರ್ಸಿಲೋನಾ ಕ್ಲಬ್‌ನ ಕಿರಿಯರ ತಂಡ ಸೇರಿದರು. ಆಗ ಅಲ್ಲಿನ ಮಹಿಳಾ ತಂಡ ಇನ್ನೂ ವೃತ್ತಿಪರವಾಗಿರಲಿಲ್ಲ, ಅದಾದದ್ದು 2015ರಲ್ಲಿ. ಮರುವರ್ಷ ಐತಾನಾ ಮೊದಲ ತಂಡಕ್ಕೆ ಬಂದರು. ಅವರ ಎತ್ತರ ಐದು ಅಡಿ ಮೂರು ಇಂಚಿನ ಆಸುಪಾಸು. ತನಗಿಂತ ಗಟ್ಟಿಮುಟ್ಟಾದವರ ನಡುವೆ ಆಡುವ ಮಗು ತಳ್ಳಾಟದಲ್ಲಿ ಗೆಲ್ಲಲಾರದು, ಹಾಗಾಗಿ ಮೊದಲೇ ಯೋಚಿಸುವುದನ್ನು ಕಲಿಯುತ್ತದೆ. ಹುಡುಗರ ಜೊತೆಗಿನ ಆಟದಿಂದ ನಿಮ್ಮ ಮಗಳಿಗೆ ಸಿಗುವ ದೊಡ್ಡ ಲಾಭ ಇದೇ ಎಂದು ನಮ್ಮ ಎಣಿಕೆ.

ಪ್ರಶಸ್ತಿಯ ಮಾತಿಗೆ ಬಂದರೆ, 2023ರ ಮಹಿಳಾ ವಿಶ್ವಕಪ್ಪನ್ನೇ ನೋಡಿ. ಅತಿ ಹೆಚ್ಚು ಗೋಲು ಹೊಡೆದವರು ಜಪಾನಿನ ಹಿನಾತಾ ಮಿಯಾಜಾವಾ, 5. ಐತಾನಾ ಹೊಡೆದದ್ದು 3. ಸಿಡ್ನಿಯ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಏಕೈಕ ಗೋಲು ಸ್ಪೇನಿನ ಓಲ್ಗಾ ಕಾರ್ಮೋನಾ ಅವರದು. ಆದರೂ ಟೂರ್ನಿಯ ಶ್ರೇಷ್ಠ ಆಟಗಾರ್ತಿಗೆ ಕೊಡುವ ಗೋಲ್ಡನ್ ಬಾಲ್ ಐತಾನಾಗೆ ಬಂತು. ಆ ವರ್ಷದಿಂದ 2025ರವರೆಗೆ ಸತತ ಮೂರು ಬ್ಯಾಲನ್ ಡಿ'ಓರ್. ಎದುರಾಳಿಗಳು ಮುತ್ತಿಕೊಂಡಾಗಲೂ ಚೆಂಡು ಕಳೆದುಕೊಳ್ಳದೆ ಮುಖ ತಿರುಗಿಸಿ ಆಟವನ್ನು ಮುಂದಕ್ಕೆ ಒಯ್ಯುವುದು ಅವರ ಕೆಲಸ. ಗೋಲುಗಳ ತುಣುಕು ವಿಡಿಯೊದಲ್ಲಿ ಆ ಕೆಲಸವೇ ಕತ್ತರಿಸಿಹೋಗಿರುತ್ತದೆ.

ಆದ್ದರಿಂದ ಪೂರ್ತಿ ಪಂದ್ಯ ಹಾಕಿ. ಹದಿನೈದು ನಿಮಿಷ ಸಾಕು, ಆದರೆ ಮಗಳ ಕಣ್ಣು ಚೆಂಡಿನ ಮೇಲಿರಬಾರದು, ಐತಾನಾ ಮೇಲಿರಬೇಕು. ಪಾಸ್ ಬರುವ ಮೊದಲು ಅವರ ಕತ್ತು ಎಷ್ಟು ಸಲ ಹಿಂದಕ್ಕೆ ಹೊರಳುತ್ತದೆ ಎಂದು ಎಣಿಸಲಿ. ಪಾದಗಳನ್ನೂ ನೋಡಲಿ: ಪಾಸ್ ಕೊಡುವವರಿಗೆ ಎದೆಯೊಡ್ಡಿ ನಿಲ್ಲುವುದು ಅಪರೂಪ, ಅಡ್ಡ ನಿಲ್ಲುತ್ತಾರೆ. ಯುರೋಪಿನ ದೇಶಗಳ ಟೂರ್ನಿಯಾದ ಯೂರೋದ 2025ರ ಸೆಮಿಫೈನಲ್ ಇದಕ್ಕೆ ಒಳ್ಳೆಯ ಪಾಠ. ವೈರಲ್ ಮೆನಿಂಜೈಟಿಸ್‌ನಿಂದ (ಮಿದುಳಿನ ಪೊರೆಯ ಉರಿಯೂತ) ಟೂರ್ನಿಗೆ ಕೆಲವೇ ದಿನ ಮೊದಲು ಆಸ್ಪತ್ರೆ ಸೇರಿದ್ದ ಐತಾನಾ, ಜರ್ಮನಿ ವಿರುದ್ಧ 113ನೇ ನಿಮಿಷದಲ್ಲಿ ಇಕ್ಕಟ್ಟಾದ ಕೋನದಿಂದ ಹತ್ತಿರದ ಕಂಬದ ಬದಿಗೇ ಹೊಡೆದು 1–0 ಗೆಲುವು ತಂದರು. ಗೋಲಿ ಬಿಟ್ಟಿದ್ದ ಸಂದನ್ನು ಕಂಡವರಿಗಷ್ಟೇ ಆ ಹೊಡೆತ ಹೊಳೆಯುತ್ತದೆ.

ಇನ್ನು ಚೆಂಡು ಕಿತ್ತುಕೊಳ್ಳುವ ಸಮಸ್ಯೆ. ಅವಳ ಕಾಲಿನ ಕೌಶಲ ಸಾಲದೆಂದು ನಿಮಗೆ ಅನ್ನಿಸಿರಬಹುದು. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವ ತಪ್ಪು ಬೇರೆ: ಚೆಂಡು ಕಾಲಿಗೆ ಬಂದ ಮೇಲೆ ತಲೆ ಎತ್ತುವುದು. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ತಿದ್ದಲು ಇಬ್ಬರು ಜೊತೆಗಾರರು ಸಾಕು. ಮಗಳು ನಡುವೆ, ಅವಳ ಎದುರಿಗೆ ಎಂಟು ಮೀಟರ್ ದೂರದಲ್ಲಿ ಒಬ್ಬರು, ಬೆನ್ನ ಹಿಂದೆ ಅಷ್ಟೇ ದೂರದಲ್ಲಿ ಇನ್ನೊಬ್ಬರು. ಎದುರಿನವರು ಪಾಸ್‌ಗೆಂದು ಚೆಂಡನ್ನು ಸರಿಪಡಿಸಿಕೊಳ್ಳುವ ಕ್ಷಣದಲ್ಲೇ ಅವಳು ಹೆಗಲ ಮೇಲಿಂದ ಹಿಂದೆ ನೋಡಬೇಕು. ಹಿಂದಿನವರು ಅಂಗೈ ತೋರಿಸಿದರೆ ಜಾಗವಿದೆ ಎಂದರ್ಥ: ಪಾಸ್ ಕೊಡುವವರಿಂದ ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡು, ತಿರುಗಿ, ಹಿಂದಿನವರಿಗೆ ಕೊಡಬೇಕು. ಮುಷ್ಟಿ ತೋರಿಸಿದರೆ ಬೆನ್ನಿಗೆ ಆಳಿದ್ದಾನೆ: ಒಂದೇ ಟಚ್‌ನಲ್ಲಿ ಬಂದ ಕಡೆಗೇ ವಾಪಸ್. 45 ಸೆಕೆಂಡು ಆಟ, 45 ಸೆಕೆಂಡು ಬಿಡುವು, ಆರು ಸುತ್ತು, ವಾರಕ್ಕೆ ಮೂರು ದಿನ.

ವಾರ ಕಳೆಯುವಷ್ಟರಲ್ಲಿ ಒಂದು ಕಳ್ಳಾಟ ಶುರುವಾಗಬಹುದು. ಕತ್ತು ತಿರುಗುತ್ತದೆ, ಕಣ್ಣು ನೋಡಿರುವುದಿಲ್ಲ. ಆಗ ಹಿಂದಿನವರು ಬೆರಳುಗಳನ್ನೂ ತೋರಿಸಲಿ, ಅವಳು ಎಣಿಸಿ ಕೂಗಲಿ. ಮೊದಲ ಟಚ್ ಮತ್ತೆ ಮತ್ತೆ ಪಾಸ್ ಕೊಟ್ಟವರ ಕಡೆಗೇ ಪುಟಿಯುತ್ತಿದ್ದರೆ ಪಾದಗಳನ್ನು ನೋಡಿ. ಎರಡೂ ಹೆಬ್ಬೆರಳು ಅವರತ್ತ ಮುಖ ಮಾಡಿರುತ್ತವೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು: ಮೊಣಕಾಲು. ಐತಾನಾಗೆ ಮೊದಲು 2021 ಮತ್ತು 2022ರ ಬ್ಯಾಲನ್ ಡಿ'ಓರ್ ಗೆದ್ದ, ಅದೇ ಕ್ಲಬ್‌ನ ಮಿಡ್‌ಫೀಲ್ಡರ್ ಅಲೆಕ್ಸಿಯಾ ಪುತೆಯಾಸ್ 2022ರ ಜುಲೈನಲ್ಲಿ, ಯೂರೋ ಆರಂಭಕ್ಕೆ ಸ್ವಲ್ಪ ಮೊದಲು, ಎಡ ಮೊಣಕಾಲಿನ ಎಸಿಎಲ್ (ಮೊಣಕಾಲಿನೊಳಗಿನ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿದುಕೊಂಡು ಸುಮಾರು ಹತ್ತು ತಿಂಗಳು ಹೊರಗುಳಿದರು. ಐತಾನಾ ಅವರಿಗೂ 2025ರ ನವೆಂಬರ್ ಕೊನೆಯಲ್ಲಿ ಅಭ್ಯಾಸದ ವೇಳೆ ಎಡಗಾಲಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಮೂಳೆಮುರಿತದಂಥ ಆಕಸ್ಮಿಕವನ್ನು ತಡೆಯುವುದು ಕಷ್ಟ. ಆದರೆ ಹುಡುಗರಿಗಿಂತ ಹುಡುಗಿಯರಲ್ಲೇ ಹೆಚ್ಚು ಕಾಣುವ ಎಸಿಎಲ್ ಗಾಯದ ಅಪಾಯವನ್ನು ತಗ್ಗಿಸಬಹುದು. ಫುಟ್‌ಬಾಲ್ ಗಾಯಗಳನ್ನು ತಗ್ಗಿಸಲೆಂದೇ ಫಿಫಾ 11+ ಎಂಬ ವಾರ್ಮ್‌ಅಪ್ ಇದೆ: 8 ನಿಮಿಷ ನಿಧಾನದ ಓಟ, 10 ನಿಮಿಷ ಬಲ, ಜಿಗಿತ ಮತ್ತು ಸಮತೋಲನದ ವ್ಯಾಯಾಮ, 2 ನಿಮಿಷ ವೇಗದ ಓಟ. ವಾರಕ್ಕೆ ಕನಿಷ್ಠ ಎರಡು ಸಲ ಮಾಡಬೇಕು. ಜಿಗಿದು ಇಳಿಯುವಾಗ ಎದುರಿನಿಂದ ಫೋನಿನಲ್ಲಿ ಚಿತ್ರೀಕರಿಸಿ. ಮೊಣಕಾಲುಗಳು ಒಂದಕ್ಕೊಂದು ಹತ್ತಿರ ಬಾಗುತ್ತಿದ್ದರೆ ಜಿಗಿತದ ಎತ್ತರ ಕಡಿಮೆ ಮಾಡಿ. ಮೊಣಕಾಲು ಪಾದದ ನೇರಕ್ಕೇ ಮಡಿಚಿ ಸದ್ದಿಲ್ಲದೆ ಇಳಿಯುವುದು ಅಭ್ಯಾಸವಾದ ಮೇಲಷ್ಟೇ ಎತ್ತರ ಹೆಚ್ಚಿಸಿ.