ಮದ್ದಿನ ಶಾಂಪೂ ಹಾಕಿದರೂ ನಾಯಿಯ ತುರಿಕೆ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಮೂರು ವರ್ಷದ ಊರ ನಾಯಿ ಇದೆ. ಮಳೆ ಶುರುವಾದರೆ ಸಾಕು, ಹೊಟ್ಟೆಯ ಅಡಿ, ಕಂಕುಳು, ಬೆರಳ ಸಂದು ಎಲ್ಲ ನೆಕ್ಕಿ ನೆಕ್ಕಿ ಕೆಂಪಾಗುತ್ತದೆ. ಮೈಯೆಲ್ಲ ಜಿಡ್ಡು, ಕಮಟು ವಾಸನೆ. ಮೆಡಿಕಲ್ ಶಾಪಿನಿಂದ ಶಾಂಪೂ ತಂದು ನಾಲ್ಕು ಸಲ ಮೀಯಿಸಿದೆವು. ಎರಡು ದಿನ ಕಡಿಮೆ, ಮತ್ತೆ ಅದೇ. ಅರಿಶಿನ ಹಾಕಿದ ತೆಂಗಿನೆಣ್ಣೆ ಹಚ್ಚಿ ಅಂತಾರೆ ಅತ್ತೆ. ಬೆಕ್ಕಿಗೂ ಇದೇ ಶಾಂಪೂ ಆಗಬಹುದಾ?

ಉತ್ತರ: ನೊರೆ ಹಚ್ಚಿ ಎಷ್ಟು ಹೊತ್ತಿಗೆ ನೀರು ಹೊಯ್ದಿರಿ? ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ. "ಒಂದೆರಡು ನಿಮಿಷ" ಅಂತಾರೆ ಹೆಚ್ಚಿನವರು. ತಪ್ಪುವುದು ಅಲ್ಲೇ. ಮದ್ದಿನ ಶಾಂಪೂ ಕೊಳೆ ತೆಗೆಯುವುದಕ್ಕಲ್ಲ. ಅದರ ಮದ್ದು ಚರ್ಮದ ಮೇಲೆ 10 ನಿಮಿಷ ಕೂರಬೇಕು. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ, ಅಂದಾಜು ಬೇಡ. ನಾಯಿ ನೆಕ್ಕದಂತೆ ಒಬ್ಬರು ತಲೆ ಹಿಡಿದು ಮಾತಾಡಿಸುತ್ತಾ ಇರಲಿ.

ನೀವು ಬರೆದದ್ದು ನೋಡಿದರೆ ಮಲಸೇಜಿಯಾ ಅನ್ನುವ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ, ಇರಬಹುದು. ಆರೋಗ್ಯವಾಗಿರುವ ನಾಯಿಯ ಮೈಮೇಲೂ ಇದು ಸ್ವಲ್ಪ ಇರುತ್ತದೆ. ಸೆಕೆ, ತೇವ, ಜಿಡ್ಡು ಸೇರಿದರೆ ಜಾಸ್ತಿಯಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ ಜಗಲಿಯ ಗೋಣಿಯೂ ಒಣಗುವುದಿಲ್ಲ, ಅದರ ಮೇಲೆ ಮಲಗುವ ನಾಯಿಯ ಹೊಟ್ಟೆ ಒಣಗುವುದು ಹೇಗೆ? ಅತ್ತೆಯವರ ಕಾಳಜಿ ದೊಡ್ಡದು, ಆದರೆ ಈಗ ಎಣ್ಣೆ ಬೇಡ. ಜಿಡ್ಡು ಈ ಯೀಸ್ಟಿಗೆ ಹಿತ. ಶಾಂಪೂ ಚರ್ಮಕ್ಕೆ ತಾಗುವುದಕ್ಕೂ ಎಣ್ಣೆ ಬಿಡುವುದಿಲ್ಲ.

ಆದರೂ ಸುಮ್ನೆ ಊಹೆಯ ಮೇಲೆ ಮದ್ದು ಹಾಕಬಾರದು, ಅಲ್ವಾ? ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ. ಅಂಟು ಟೇಪನ್ನು ಚರ್ಮಕ್ಕೆ ಒತ್ತಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯೀಸ್ಟ್ ನೆಲಕಡಲೆಯ ಆಕಾರದಲ್ಲಿ ಕಾಣುತ್ತದೆ. ಅದೇ ಅಂತಾದರೆ 2% ಕ್ಲೋರ್‌ಹೆಕ್ಸಿಡಿನ್, 2% ಮೈಕೊನಜೋಲ್ ಅನ್ನುವ ಎರಡೂ ಮದ್ದು ಇರುವ ನಾಯಿಯ ಶಾಂಪೂ ಒಳ್ಳೆಯದು. ವಾರಕ್ಕೆ ಎರಡು ಸಲ, ಮೂರು ವಾರ ಬಿಡದೆ ಹಾಕಬೇಕು. ನೀವು ತಂದ ಬಾಟಲಿಯ ಲೇಬಲ್ ಓದಿ. ಮನುಷ್ಯರ ತಲೆಹೊಟ್ಟಿನ ಶಾಂಪೂ ಆದರೆ ನಿಲ್ಲಿಸಿಬಿಡಿ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಬೇಗ ಒಣಗಿ ಒಡೆಯುತ್ತದೆ.

ಹಂಡೆಯ ಬಿಸಿನೀರು ಬೇಡ, ತುರಿಕೆ ಕೆರಳುತ್ತದೆ. ಉಗುರು ಬೆಚ್ಚಗಿನ ನೀರು ಸಾಕು. ಜಿಡ್ಡು ಜಾಸ್ತಿ ಇದ್ದರೆ ಮೊದಲು ನಾಯಿಯ ಸಾದಾ ಶಾಂಪೂವಿನಲ್ಲಿ ತೊಳೆಯಿರಿ. ಆಮೇಲೆ ಮದ್ದಿನ ಶಾಂಪೂ, ಅದೂ ಹೆಚ್ಚು ಕೆಂಪಾದ ಜಾಗದಿಂದ ಶುರು ಮಾಡಿ. ಬೆರಳ ಸಂದು ಮರೆಯಬೇಡಿ. ಕಣ್ಣು, ಕಿವಿಯ ಒಳಗೆ ಮಾತ್ರ ಒಂದು ಹನಿಯೂ ಹೋಗಬಾರದು, ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ ಗಾಯ ಮಾಡಬಹುದು. ಜಾರು ಹೋಗುವವರೆಗೆ ತೊಳೆದು, ಒಣ ಬಟ್ಟೆಯಲ್ಲಿ ಸಂದು ಸಂದು ಒರೆಸಿ. ಗೋಣಿ ಬದಲಿಸಿ.

ಮೂರು ವಾರ ಸರಿಯಾಗಿ ಮಾಡಿದರೂ ಕಡಿಮೆಯಾಗದಿದ್ದರೆ, ಅಥವಾ ಪ್ರತಿ ಮಳೆಗಾಲ ಮರುಕಳಿಸಿದರೆ, ಅಡಿಯಲ್ಲಿ ಅಲರ್ಜಿಯೋ ಚಿಗಟವೋ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಕೂದಲು ಉದುರಿ ಬೋಳು ಜಾಗ ಬಂದರೆ ಕಾಯಲೇಬೇಡಿ. ಚರ್ಮ ಕೆರೆದು ಕಜ್ಜಿ ಹುಳ ಇದೆಯಾ ನೋಡಬೇಕು, ಅದು ಶಾಂಪೂವಿನಲ್ಲಿ ಮಾತ್ರ ಹೋಗುವುದಲ್ಲ. ಉಂಗುರದಂಥ ಬೋಳಾದರೆ ಹುಳುಕಡ್ಡಿ ಇರಬಹುದು, ಅದು ಮಕ್ಕಳಿಗೂ ಅಂಟುತ್ತದೆ.

ಬೆಕ್ಕಿನ ವಿಷಯದಲ್ಲಿ ಕೈ ಮುಗಿದು ಹೇಳುತ್ತೇನೆ, ನಾಯಿಯ ಶಾಂಪೂ ಡಾಕ್ಟರನ್ನು ಕೇಳದೆ ಹಾಕಬೇಡಿ. ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದು ಹೊಟ್ಟೆಗೇ ಹೋಗುತ್ತದೆ. ಉಣುಗಿಗೆ ಹಾಕುವ ಪರ್ಮೆಥ್ರಿನ್ ಇರುವ ಶಾಂಪೂ, ಪುಡಿ ಅಂತೂ ಬೆಕ್ಕಿಗೆ ವಿಷ. ನಡುಕ ಬಂದು ಜೀವವೇ ಹೋಗಬಹುದು. ತಪ್ಪಿ ತಾಗಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಆ ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ. ಆಗಲೇ ನಡುಗುತ್ತಾ ಇದ್ದರೆ ತೊಳೆಯುತ್ತಾ ಕೂರಬೇಡಿ, ಹಾಗೇ ಹೊರಡಿ.